ಬಾಣಲೆ ತೇಲಿಸಿದ ಟೀಚರ್

"ಆ ಮನೇಲಿ ಹಾಲು ಒಡೆದ್ರೆ ಯಾರೂ ಪೇಚಾಡಲ್ಲ ಕಣ್ರೀ, ಮಕ್ಕಳನ್ನ ಕರೆದು ತೋರಿಸ್ತಾರೆ" ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕಿಟಕಿಯ ಅಂಚಿನ ಮೇಲೆ ಸಾಲಾಗಿ ಬ್ರೆಡ್ ತುಂಡುಗಳು: ಒಂದು ಒದ್ದೆ, ಒಂದು ಒಣಕಲು, ಒಂದು ಡಬ್ಬಿಯೊಳಗೆ. ಯಾವುದಕ್ಕೆ ಮೊದಲು ಬೂಷ್ಟು ಹಿಡಿಯುತ್ತದೆಂದು ಬೀದಿಯ ಮಕ್ಕಳೆಲ್ಲ ಇಣುಕುತ್ತಿದ್ದರು. ಹೀಗಾಗಿ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಆ ಮಹಾತಾಯಿಗೆ 'ಬೂಷ್ಟು ಟೀಚರ್' ಎಂಬ ಬಿರುದು ಸಿಕ್ಕಿತ್ತು. ಇಲಾಖೆ ಕೊಡಲು ಮರೆತ ಪ್ರಶಸ್ತಿಯನ್ನು ಬೀದಿ ಧಾರಾಳವಾಗಿ ಕೊಟ್ಟಿತ್ತು.

ಟೀಚರಿಗೊಂದು ಕೆಟ್ಟ ಚಾಳಿ. ಮಕ್ಕಳು ಏನು ಕೇಳಿದರೂ ಉತ್ತರ ಹೇಳುತ್ತಿರಲಿಲ್ಲ. "ಮಾಡಿ ನೋಡೋಣ ಬನ್ರೋ" ಎಂದು ನೀರಿನ ಟಬ್ಬಿಗೆ ಕೈ ಹಾಕುವುದೇ. ಉತ್ತರ ಹೇಳುವುದಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡವರು ಹೀಗೆ ಮಾಡಿದರೆ ಲೋಕ ಉಳಿದೀತೇ? ಮಗ ತೀರಿಹೋದ ಮೇಲೂ ಸೊಸೆಯನ್ನು ಬಿಡದೆ ಜೊತೆಗಿದ್ದ ಅತ್ತೆಯ ಸಂಕಟವೇ ಬೇರೆ: ಅಡುಗೆಮನೆಯ ಪಾತ್ರೆಗಳೆಲ್ಲ ಒಂದೊಂದಾಗಿ ಶಾಲೆಗೆ ಸೇರಿಕೊಂಡಿದ್ದವು.

ತಪಾಸಣೆಗೆ ಸಾಹೇಬರು ಬರುವ ಸುದ್ದಿ ಬಂದಾಗ ಹೆಡ್‌ಮಾಸ್ತರು ಕರೆದು ಹೇಳಿದರು: "ನೋಡಮ್ಮ, ಮಕ್ಕಳು ಪುಸ್ತಕದಲ್ಲಿ ಇದ್ದಂಗೆ ಹೇಳಿದ್ರೆ ಮೂರನೇ ಕ್ಲಾಸು ನಿಂದೇ. ಇಲ್ದಿದ್ರೆ ಬೇರೆ ಊರಿಗೆ ವರ್ಗ. ಆಮೇಲೆ ನನ್ನನ್ನ ಬೈಬೇಡ."

ಮೂರನೇ ಕ್ಲಾಸು ಅಂದರೆ ಆಕೆಗೆ ಪ್ರಾಣ. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದಳು.

"ಒಂದಿನ ಉತ್ತರ ಹೇಳಿಕೊಟ್ರೆ ನಿನ್ನ ಬಾಯಿಂದ ಮುತ್ತು ಉದುರಿ ಹೋಗುತ್ತೇನೇ?" ಎಂದರು ಅತ್ತೆ.

ಮುತ್ತಿಗಿಂತ ಮಕ್ಕಳು ದೊಡ್ಡವರು. ಮರುದಿನ ಟೀಚರ್ ಟಬ್ಬನ್ನು ಬೋರಲು ಹಾಕಿ, "ಕಬ್ಬಿಣ ಮುಳುಗುತ್ತದೆ, ಮರ ತೇಲುತ್ತದೆ" ಎಂದು ಬಾಯಿಪಾಠ ಮಾಡಿಸಿದಳು. ಇಡೀ ಶಾಲೆಗೆ ಮೊದಲ ಬಾರಿಗೆ ಅವಳ ತರಗತಿ ತರಗತಿಯಂತೆ ಕೇಳಿಸಿತು. ಹೆಡ್‌ಮಾಸ್ತರ ಕಣ್ಣು ತುಂಬಿ ಬಂತು.

ಸಾಹೇಬರು ಬಂದರು. "ಕಬ್ಬಿಣ ನೀರಲ್ಲಿ ಏನಾಗುತ್ತೆ?"

"ಮುಳುಗುತ್ತದೆ!" ಸೂರು ಹಾರಿ ಹೋಗುವಂತೆ ಕೂಗಿದರು ಮಕ್ಕಳು.

"ಭೇಷ್!" ಎಂದು ಸಾಹೇಬರು ಏಳುವಷ್ಟರಲ್ಲಿ ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಎದ್ದು ನಿಂತಳು. "ಸಾರ್, ಅದು ನಿಮಗೆ ಹೇಳೋ ಉತ್ತರ. ಟೀಚರ್ ಮನೆ ಬಾಣಲೆ ಕಬ್ಬಿಣದ್ದೇ, ಅದು ತೇಲುತ್ತೆ."

ಸಾಹೇಬರು ಟೀಚರ ಕಡೆ ತಿರುಗಿದರು. "ಏನಮ್ಮಾ ಇದು? ಹುಡುಗಿ ಸುಳ್ಳು ಹೇಳ್ತಿದಾಳಾ?"

ಹೌದು ಅಂದಿದ್ದರೆ ಕೆಲಸ ಮುಗಿದಿತ್ತು. ಹೆಡ್‌ಮಾಸ್ತರು ಹಿಂದಿನಿಂದ ಕಣ್ಣಲ್ಲೇ ಕೈಮುಗಿಯುತ್ತಿದ್ದರು. ಟೀಚರ್ ಒಂದು ಗಳಿಗೆ ಆ ಹುಡುಗಿಯ ಮುಖ ನೋಡಿದಳು. ಬಗ್ಗಿ ಟಬ್ಬನ್ನು ನೆಟ್ಟಗೆ ಮಾಡಿದಳು. "ಇಲ್ಲ ಸಾರ್. ಸುಳ್ಳು ಹೇಳಿಕೊಟ್ಟಿದ್ದು ನಾನು. ನೀರು ತರಿಸ್ತೀನಿ, ನೀವೇ ನೋಡಿ."

ಬಾಣಲೆ ತೇಲಿತು. ಸಾಹೇಬರು ನಂಬಿಕೆ ಬಾರದೆ ಬೆರಳಿಂದ ಅಂಚನ್ನು ಒತ್ತಿದರು. ಬಾಣಲೆ ನೀರು ಕುಡಿದು ತಳ ಸೇರಿತು, ಜೊತೆಗೆ ಸಾಹೇಬರ ತೋಳು ಮೊಣಕೈತನಕ. ಮಕ್ಕಳು ಚಪ್ಪಾಳೆ ತಟ್ಟಿ, "ಸಾರ್, ಈಗ ಯಾಕೆ ಮುಳುಗ್ತು ಹೇಳಿ!" ಎಂದು ಸುತ್ತುವರಿದರು. ಸಾಹೇಬರು ಕರವಸ್ತ್ರ ಹುಡುಕಿದರು.

ಇಲಾಖೆ ಕ್ರೂರಿಯಲ್ಲ, ಶಿಕ್ಷೆಯನ್ನೂ ಶಾಲು ಹೊದಿಸಿಯೇ ಕೊಡುತ್ತದೆ. 'ಇಂಥ ಪ್ರತಿಭೆ ಒಂದೇ ಶಾಲೆಗೆ ಸೀಮಿತವಾಗಬಾರದು' ಎಂದು ಆದೇಶ ಬಂತು. ದೂರದ ಊರಿನ ತರಬೇತಿ ಕೇಂದ್ರದಲ್ಲಿ ಕೂತು, ಮಕ್ಕಳಿಗೆ ಮಾಡಿ ತೋರಿಸುವುದು ಹೇಗೆಂದು ಇತರ ಶಿಕ್ಷಕರಿಗೆ ಭಾಷಣ ಮಾಡಬೇಕು. ಅಲ್ಲಿ ಮಕ್ಕಳಿರುವುದಿಲ್ಲ. ನೀರು ಒಳಗೆ ತರುವಂತಿಲ್ಲ, ಜಮಖಾನ ಹಾಳಾಗುತ್ತದೆ.

ಹೊರಡುವ ಬೆಳಿಗ್ಗೆ ಮೂರನೇ ಕ್ಲಾಸು ಟೀಚರ್ ಮನೆ ಗೇಟಿನ ಹತ್ತಿರ ನಿಂತಿತ್ತು. ಅತ್ತೆ ಆಗಲೇ ವ್ಯಾನಿನ ಮುಂದಿನ ಸೀಟಿನಲ್ಲಿದ್ದರು.

"ಟೀಚರ್, ಹೊಸ ಮೇಷ್ಟ್ರು ಬರೀ ಉತ್ತರ ಬರೆಸ್ತಾರೆ. ಬರ್ಕೋಬೇಕಾ?" ಜಡೆಯ ಹುಡುಗಿ ಕೇಳಿದಳು.

"ಬರ್ಕೊಳ್ಳಮ್ಮ. ಪಾಸಾಗ್ಬೇಕಲ್ಲ."

"ಆಮೇಲೆ?"

ಟೀಚರ್ ಬಾಯಿ ತೆರೆಯುವ ಮೊದಲೇ ವ್ಯಾನಿನಿಂದ ಅತ್ತೆ ತಲೆ ಹೊರಹಾಕಿ ಗದರಿದರು: "ಆಮೇಲೇನೇ? ಮನೆಗೆ ಹೋಗಿ ಮಾಡಿ ನೋಡು. ಅಮ್ಮ ಬೈದ್ರೆ ಬೈಸ್ಕೋ!"

ಟೀಚರ್ ಗೇಟು ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಯಾಕೆಗೆ ಕೊಟ್ಟು ವ್ಯಾನು ಹತ್ತಿದಳು.