ಎಳೆ ಕಾಣುವಷ್ಟು ಹತ್ತಿರ

ಹೊಸ ಫೋನು ಬರುವ ಸುದ್ದಿಯನ್ನು ಮೊದಲು ತಂದವನು ಹೊನ್ನೂರಿನ ನನ್ನ ಗೆಳೆಯ. ಅವನಿಗೆ ಗದ್ದೆ, ತೆಂಗಿನ ತೋಟ. ನನಗೆ ಕೊಳ್ಳೇಗಾಲದ ನಮ್ಮ ಮನೆಯಲ್ಲಿರುವ ಎರಡು ರೇಷ್ಮೆ ಮಗ್ಗಗಳಲ್ಲಿ ಒಂದು; ಇನ್ನೊಂದು ಚಿಕ್ಕವ್ವನದು. ಫೋನಿನ ಹುಚ್ಚು ಮಾತ್ರ ನಮ್ಮಿಬ್ಬರಿಗೂ ಸಮ. ಹನೂರು, ಯಳಂದೂರು ಕಡೆಯ ಇನ್ನಷ್ಟು ಹುಚ್ಚರೂ ಸೇರಿ ನಮ್ಮದೊಂದು ವಾಟ್ಸಾಪ್ ಗುಂಪಿತ್ತು. ಬಿಡುಗಡೆಗೆ ಮೊದಲೇ ಹೊರಬಿದ್ದ ಚಿತ್ರಗಳನ್ನು ಹಿಗ್ಗಿಸಿ ನೋಡಿ, ಹಿಂಬದಿಯ ಕ್ಯಾಮೆರಾ ಮೂರೋ ನಾಲ್ಕೋ, ಅದರಲ್ಲೊಂದು ತೀರಾ ಹತ್ತಿರದ್ದನ್ನು ದೊಡ್ಡದಾಗಿ ತೋರಿಸುವುದೋ ಎಂದು ವಾದಿಸುತ್ತಿದ್ದೆವು. ಹನೂರಿನವನೊಬ್ಬನಿಗೆ ಬೆಟ್ಟದ ದಾರಿಯಲ್ಲಿ ಟವರ್ ಇಲ್ಲದೆಯೂ ಮೆಸೇಜು ಹೋದೀತೇ ಎಂಬ ಆಸೆ. ಗೆಳೆಯನಿಗೆ ಬ್ಯಾಟರಿ, ಇಡೀ ದಿನ ಪಂಪ್‌ಸೆಟ್ಟಿನ ಹತ್ತಿರ ಕೂತು ವಿಡಿಯೊ ನೋಡಿದರೂ ಸಂಜೆಗೆ ಮಿಗಬೇಕು. ನನಗೆ ಏನು ಬೇಕೆಂದು ನನಗೇ ಗೊತ್ತಿರಲಿಲ್ಲ. ಎಲ್ಲವೂ ಬೇಕಿತ್ತು.

ಮಗ್ಗ ನಿಲ್ಲಿಸಿದಾಗಲೆಲ್ಲ ಇವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅದು ಅನ್ನ ಬೇಯಿಸುತ್ತದೆಯೇ, ಬಟ್ಟೆ ಒಗೆಯುತ್ತದೆಯೇ ಎಂದು ಚಿಕ್ಕವ್ವ ಕೇಳಿ ನಗುವಳು.

ಒಂದು ಬೆಳಿಗ್ಗೆ ಅವಳು ನಗಲಿಲ್ಲ. ಮಗ್ಗದ ಮೇಲೆ ಬಿಗಿದ ಎಳೆಗಳನ್ನು ಅಂಗೈಯಲ್ಲಿ ಸವರುತ್ತ ಕೂತಿದ್ದಳು.

"ಲೇ, ಎಳೆ ಎಲ್ಲಿ ಕಡ್ದದೆ ನೋಡ್ಲಾ," ಎಂದಳು.

ನನಗೆ ನೇಯುವುದನ್ನು ಕಲಿಸಿದವಳು ಅವಳೇ. ಹಾಗೆ ಕೇಳಿದ್ದು ಅದೇ ಮೊದಲು. ಎದ್ದು ಹೋಗಿ ನೋಡಿದೆ. ಕಡಿದ ಎಳೆ ಅವಳ ಬೆರಳಿನ ಪಕ್ಕದಲ್ಲೇ ಇತ್ತು. ಆ ಎಳೆ ಇಲ್ಲದ ಜಾಗ ನೇಯ್ದ ಸೀರೆಯ ಮೇಲೆ ಒಂದು ಗೀರಾಗಿ ಗೇಣುದ್ದ ಬಂದಿತ್ತು. ಅವಳಿಗೆ ಕಾಣದಿರಲೆಂದು ಆ ಗೀರಿನ ಮೇಲೆ ಅಂಗೈ ಇಟ್ಟೆ. ಅಷ್ಟು ಜಾಗ್ರತೆ ಬೇಕಿರಲಿಲ್ಲ ಎಂದು ಆಮೇಲೆ ಹೊಳೆಯಿತು.

ಕನ್ನಡಕದ ಪವರು ಇನ್ನು ಏರಿಸಿ ಪ್ರಯೋಜನವಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದನ್ನು ಅವಳು ಮನೆಯಲ್ಲಿ ಮುಚ್ಚಿಟ್ಟಿದ್ದಳು. ಅಂದು ಹೇಳಿದಳು. ನಮಗೆ ನೂಲು ಕೊಟ್ಟು ನೇಯಿಸುವ ಯಜಮಾನರಿಗೂ ಅನುಮಾನ ಬಂದಿತ್ತು. ಮುಂದಿನ ಸೀರೆಯಲ್ಲೂ ಗೀರು ಸಿಕ್ಕರೆ ಅವಳಿಗೆ ನೂಲು ಬರುವುದು ನಿಲ್ಲುತ್ತದೆ, ಮಗ್ಗ ಬಿಚ್ಚಿ ಅಟ್ಟ ಸೇರುತ್ತದೆ. ಪಕ್ಕದಲ್ಲೇ ಇರುತ್ತೇನಲ್ಲ, ಕಡಿದಾಗ ನಾನು ನೋಡುತ್ತೇನೆ ಎಂದೆ.

"ನಿನ್ ಮಗ್ಗ ಯಾರ್ ನೇಯ್ತರ್ಲಾ?" ಎಂದಳು. ಆಮೇಲೆ, ಬೇರೆ ಏನೋ ವಿಚಾರಿಸುವವಳಂತೆ, "ಆ ಫೋನು ಅತ್ರದ್ನ ದೊಡ್ಡದಾಗ್ ತೋರುಸ್ತದೆ ಅಂತ ಓದ್ದಲ್ಲ, ಎಷ್ಟ್ ಅತ್ರ?"

ನಕ್ಕಷ್ಟು ದಿನವೂ ಅವಳು ಕಿವಿಗೊಟ್ಟೇ ಇದ್ದಳು.

ಅಲ್ಲಿಂದ ನಾನು ಗುಂಪಿನಲ್ಲಿ ಕೇಳಿದ್ದೆಲ್ಲ ಅದೊಂದನ್ನೇ. ತೀರಾ ಹತ್ತಿರ ಹಿಡಿದರೆ ಚಿತ್ರ ಮಸುಕಾಗುತ್ತದೆಯೇ, ಕ್ಯಾಮೆರಾದ ನೆರಳೇ ಅಡ್ಡ ಬರುತ್ತದೆಯೇ. ಇರುವೆಗೆ ಹೆಣ್ಣು ನೋಡಲು ಹೊರಟಿದ್ದಾನೆ ಎಂದು ಆಡಿಕೊಂಡರು. ಬಿಡುಗಡೆಯ ದಿನ ಅದರ ವಿಡಿಯೊ ನೋಡಲು ಗೆಳೆಯ ನಮ್ಮ ಮನೆಗೇ ಬಂದ. ನನ್ನ ಹಳೆಯ ಫೋನಿನ ಸುತ್ತ ಮೂರು ತಲೆ ಬಾಗಿದವು. ಅವನು ಬ್ಯಾಟರಿ ಎಂದಾಗ ಚಿಕ್ಕವ್ವ ಮುಂದಕ್ಕೆ ಓಡಿಸು ಎನ್ನುವಳು. ಕೊನೆಗೆ ಪರದೆಯ ಮೇಲಿನ ಮನುಷ್ಯ ಒಂದು ಹೂವಿನ ಎಸಳಿಗೆ ಕ್ಯಾಮೆರಾ ತಾಗಿಸುವಂತೆ ಹಿಡಿದ. ಎಸಳಿನ ನರಗಳೆಲ್ಲ ಕಂಡವು. ಗೆಳೆಯ ತೊಡೆ ತಟ್ಟಿಕೊಂಡ.

"ಊವ ಬುಡು, ದಾರ ತೋರ್ಸು ಅನ್ನು ಅವ್ನಿಗೆ," ಎಂದಳು ಚಿಕ್ಕವ್ವ.

ಗೆಳೆಯ ಅಲ್ಲೇ ಕೂತು ಬುಕ್ ಮಾಡಿದ.

ಫೋನು ಅಂಗಡಿಗೆ ಬಂದ ದಿನ ಅವನು ಡಬ್ಬಿ ತೆಗೆದುಕೊಂಡು ನೇರ ನಮ್ಮಲ್ಲಿಗೆ ಬಂದ. ಚಿಕ್ಕವ್ವ ಅದರ ಬೆನ್ನಿಗೆ ಕುಂಕುಮ ಇಟ್ಟಳು. ಕ್ಯಾಮೆರಾದ ಮೇಲೆ ಉದುರೀತೆಂದು ಅವನು ಉಸಿರು ಬಿಗಿಹಿಡಿದು ನಿಂತಿದ್ದ. ಬೆಳಿಗ್ಗೆ ಕಡಿದ ಒಂದು ಎಳೆಯನ್ನು ಅವಳು ಹಾಗೇ ಬಿಟ್ಟು, ಮಗ್ಗ ನಿಲ್ಲಿಸಿ ಕಾದಿದ್ದಳು.

ಅವನು ಎಳೆಗಳ ಮೇಲೆ ಫೋನು ಹಿಡಿದ. ಪರದೆಯಲ್ಲಿ ರೇಷ್ಮೆ ತೆಂಗಿನ ನಾರಿನ ಹಗ್ಗದಷ್ಟು ದಪ್ಪಗೆ, ಒಂದೊಂದೂ ಬೇರೆ ಬೇರೆಯಾಗಿ ನಿಂತಿತು. ನಡುವೆ ಒಂದು ಸಂದು. "ಅಗೋ," ಎಂದಳು, ತುಂಬ ಮೆಲ್ಲಗೆ.

ಪರದೆ ನೋಡುತ್ತಲೇ ಎಳೆ ಹಿಡಿಯಹೋದಳು. ತಪ್ಪಿತು. ಮತ್ತೆ ಹೋದಳು, ಮತ್ತೆ ತಪ್ಪಿತು. ಪರದೆಯೊಳಗಿನ ಬೆರಳು ನಿಜವಾದ ಬೆರಳಿಗಿಂತ ಒಂದು ಚೂರು ಹಿಂದೆ ಬರುತ್ತಿತ್ತು. ಗೆಳೆಯನ ಮುಖ ಇಳಿಯಿತು. ಸೆಟ್ಟಿಂಗ್‌ನಲ್ಲಿ ಏನಾದರೂ ಇರಬಹುದು ಎಂದ.

"ಅಳ್ಳಾಡ್ಬೇಡ ಕಣಪ್ಪ. ಇನ್ನೊಂದ್ ಸಲ ಇಡಿ," ಎಂದಳು.

ಈ ಸಲ ಎಳೆ ಹಿಡಿಯಲು ಹೋಗಲಿಲ್ಲ. ಪರದೆ ನೋಡಿ ಎಡಗೈಯ ಉಗುರನ್ನು ಆ ಸಂದಿನ ಪಕ್ಕಕ್ಕೆ ತಂದು ಊರಿದಳು. ಆಮೇಲೆ ಕಣ್ಣು ಮುಚ್ಚಿಬಿಟ್ಟಳು. ಉಳಿದದ್ದನ್ನು ಬೆರಳುಗಳೇ ಮಾಡಿದವು. ತುದಿ ಸಿಕ್ಕಿತು, ತುಂಡು ರೇಷ್ಮೆ ಸೇರಿತು, ಗಂಟು ಬಿತ್ತು. ಕಣ್ಣು ತೆರೆದು ಲಾಳಿಯ ಹಗ್ಗ ಎಳೆದಳು. ಮಗ್ಗ ಸದ್ದು ಮಾಡಿತು. ಒಂದಂಗುಲ ಬಟ್ಟೆ ಬಂದಮೇಲೆ ನಾನು ಬಗ್ಗಿ ನೋಡಿದೆ. ನಂಬಿಕೆಯಾಗದೆ ಫೋನನ್ನೂ ಹಿಡಿಸಿ ನೋಡಿದೆ. ಗೀರು ಇರಲಿಲ್ಲ.

ನನ್ನ ಹಳೆಯ ಫೋನು ತೆಗೆದು, ಅವಳ ಮಗ್ಗದ ಮೇಲೆ ತೂಗುಹಾಕಲೆಂದು ಹೊಸದರಂಥದ್ದೇ ಇನ್ನೊಂದನ್ನು ಆಗಲೇ ಬುಕ್ ಮಾಡಿದೆ. ಗೆಳೆಯನ ಫೋನು ಒಂದೇ ಸಮನೆ ಅದುರುತ್ತಿತ್ತು. ಫೋಟೊ ಎಲ್ಲಿ ಎಂದು ಇಡೀ ಗುಂಪು ಕೇಳುತ್ತಿತ್ತು. ಮನೆಯವರೂ ಇನ್ನೂ ನೋಡಿಲ್ಲ ಎಂದು ಅವನು ಎದ್ದ.

"ಕೂತ್ಕಳಪ್ಪ," ಎಂದಳು ಚಿಕ್ಕವ್ವ. "ಇನ್ನೊಂದ್ ಎಳೆ ಕಡೀಲಿ, ಜೋಡ್ಸುದ್ ನೋಡ್ಕಂಡ್ ಓಗು."

ಎಳೆ ಕಡಿಯದಿರಲಿ ಎಂದು ದಿನಾ ಮಗ್ಗಕ್ಕೆ ಕೈಮುಗಿದು ಕೂರುವವಳು ಅವಳು. ಗೆಳೆಯ ಕೂತ. ನಾನೂ ಕೂತೆ. ಅವಳು ನೇಯುತ್ತಿದ್ದಳು, ಮೂವರೂ ಕಾಯುತ್ತಿದ್ದೆವು. ರೇಷ್ಮೆ ಮಾತ್ರ ಅಂದು ಕಡಿಯಲೊಲ್ಲದು.