ಬೋರಮ್ಮನ ಗುಂಡಿಗೆ ಒಂದು ಬುಟ್ಟಿ ಸಗಣಿ

ಹೆಗ್ಗನಹಳ್ಳಿಯ ನಮ್ಮ ಬೀದಿಯಲ್ಲಿ ಬೋರಮ್ಮನನ್ನು ಕೆಣಕಿ ಸುಖವಾಗಿ ನಿದ್ದೆ ಮಾಡಿದವರಿಲ್ಲ. ಸುತ್ತಲಿನ ಹೊಲವೆಲ್ಲ ಸೈಟಾದರೂ ಆಕೆ ತನ್ನ ಹತ್ತು ಗುಂಟೆ ಮಾರಲಿಲ್ಲ. ಅಲ್ಲಿ ಮೂರು ಹಸು, ಸೊಪ್ಪಿನ ಮಡಿಗಳು, ನಡುವೆ ಗೋಬರ್ ಗ್ಯಾಸ್ ಗುಂಡಿ. ಸಗಣಿಯ ಗ್ಯಾಸಿನಲ್ಲೇ ಮನೆಯ ಅಡುಗೆ, ಹಸುಗಳಿಗೆ ಬೂಸಾ ಬೇಯಿಸುವುದು. ಗುಂಡಿಯಿಂದ ಹೊರಬಂದ ಬಗ್ಗಡ ಸೊಪ್ಪಿಗೆ ಗೊಬ್ಬರ. ಆ ದಂಟಿನ ಸೊಪ್ಪು ತಿಂದೇ ನಾನು ಇಷ್ಟು ಗಟ್ಟಿಯಾಗಿರುವುದು.

ಎದುರಿಗೆ ಮೂರು ಮಹಡಿ ಕಟ್ಟಿಸಿದ ಸಿಮೆಂಟ್ ವ್ಯಾಪಾರಿ ಯೋಗಾನಂದನಿಗೆ ಮಾತ್ರ ಮೂಗು ಬಲು ಸೂಕ್ಷ್ಮ. ಗುಂಡಿ ನಾರುತ್ತದೆಂದು ಪಾಲಿಕೆಗೆ ದೂರು ಕೊಟ್ಟ. ಸೋಮವಾರ ಬಂದು ನೋಡುತ್ತೇವೆ, ನಿಜವಾದರೆ ಮುಚ್ಚಿಸುತ್ತೇವೆ ಎಂದು ನೋಟಿಸ್ ಬಂತು. ಗುಂಡಿ ಹೋದರೆ ಸಗಣಿಗೆ ಜಾಗವಿಲ್ಲ, ಹಸುಗಳೂ ಹೋಗಬೇಕು. ಬೋರಮ್ಮ ಅಳಲಿಲ್ಲ. “ಮಾಡ್ತೀನಿ ಅವನಿಗೆ” ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ದೇವರೇ ದಾರಿ ತೋರಿಸಿದ. ಭಾನುವಾರ ಯೋಗಾನಂದನ ಗೃಹಪ್ರವೇಶ. ಹೊಸ ಮನೆಗೆ ಮೊದಲು ಹಸು ಕಾಲಿಡಬೇಕಲ್ಲ? ಅವನು ಗೊತ್ತು ಮಾಡಿದ್ದ ಹಸು ಹಿಂದಿನ ದಿನ ಕಾಯಿಲೆ ಬಿತ್ತು. ಆಸುಪಾಸಿನಲ್ಲಿ ಉಳಿದಿದ್ದವು ಬೋರಮ್ಮನ ಹಸುಗಳೇ. ನಾಚಿಕೆ ಬಿಟ್ಟು ಬಂದು ನಿಂತ.

“ಕಳಿಸ್ತೀನಿ ಕಣಪ್ಪ. ನಮ್ಮ ಗೌರಿ ಒಳಗೆ ಸಗಣಿ ಹಾಕಿದ್ರೆ ನೀನೇ ಕೈಯಾರೆ ಎತ್ಕೊಂಡು ಬಂದು ನನ್ನ ಗುಂಡಿಗೆ ಹಾಕ್ಬೇಕು. ಆಗುತ್ತಾ?”

ಆಗಲಿ ಎಂದ, ಹಾಕಿದಾಗ ನೋಡಿಕೊಳ್ಳೋಣ ಎಂದುಕೊಂಡಿರಬೇಕು. ಬೆಳಿಗ್ಗೆ ಎದ್ದವಳೇ ಬೋರಮ್ಮ ಗೌರಿಗೆ ಹಸಿ ಹುಲ್ಲು, ಬೂಸಾ ಇಕ್ಕಿದ್ದೇ ಇಕ್ಕಿದ್ದು. ನಾನೂ ಎರಡು ಕಟ್ಟು ಸೊಪ್ಪು ತಿನ್ನಿಸಿದೆ. ಪುಣ್ಯದ ಕೆಲಸ ತಾನೆ.

ಗೌರಿ ಋಣ ಇಟ್ಟುಕೊಳ್ಳುವವಳಲ್ಲ. ನಡುಮನೆಯಲ್ಲೇ, ಹೊಳೆಯುವ ಟೈಲ್ಸ್ ಮೇಲೆ ಧಾರಾಳವಾಗಿ ಹಾಕಿದಳು. ಲಕ್ಷ್ಮಿಯೇ ಬಂದಳು ಎಂದರು ಪುರೋಹಿತರು; ನೆಂಟರು ಕೈಮುಗಿದರು. ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದ ಬೋರಮ್ಮ ಎಲ್ಲರೆದುರು ಅವನ ಮಾತು ನೆನಪಿಸಿದಳು. ರೇಷ್ಮೆ ಪಂಚೆಯ ಯೋಗಾನಂದ ಎರಡೂ ಕೈಯಲ್ಲಿ ಬಾಚಿ, ಬುಟ್ಟಿ ಹೊತ್ತು, ಬೀದಿ ದಾಟಿ ಗುಂಡಿಗೆ ಸುರಿದ. ನೀರು ಬೆರೆಸಿ ಕದಡಲೂ ಹೇಳಿದಳು, ಕದಡಿದ. ಬೋರಮ್ಮನ ಮೊಮ್ಮಗಳು ಸ್ಪಂದನ ಮೊಬೈಲಿನಲ್ಲಿ ಫೋಟೊ ಹಿಡಿದಳು. ನನ್ನ ಹೊಟ್ಟೆ ತಣ್ಣಗಾಯಿತು.

ಸೋಮವಾರ ಬಂದ ಅಧಿಕಾರಿಗೆ ಬೋರಮ್ಮ ಆ ಫೋಟೊ ತೋರಿಸಿದಳು.

“ನಾರುತ್ತೆ ಅಂತ ದೂರು ಕೊಟ್ಟೋರು ಇವ್ರೇ ಅಲ್ವಾ ಸಾರ್? ಮೂಗು ಮುಚ್ಕೊಂಡಿದ್ದಾರಾ ನೋಡಿ.”

ಫೋಟೊದಲ್ಲಿ ಅವನ ಎರಡು ಕೈಯೂ ಸಗಣಿಯಲ್ಲಿದ್ದವು. ಅಧಿಕಾರಿ ಗುಂಡಿಯ ಬಳಿ ನಿಂತು ಮೂಸಿ ನೋಡಿ, ನಕ್ಕು, ಯೋಗಾನಂದನನ್ನು ಕರೆಸಿದರು. ಅವನು ತಲೆ ತಗ್ಗಿಸಿ ದೂರು ವಾಪಸ್ ತೆಗೆದುಕೊಂಡ.

ಬೋರಮ್ಮ ಅಷ್ಟಕ್ಕೇ ಬಿಡಲಿಲ್ಲ. ಆ ಫೋಟೊಗೆ ಕಟ್ಟು ಹಾಕಿಸಿ, ಅವನು ದಿನಾ ಬಾಗಿಲು ತೆರೆದೊಡನೆ ಕಾಣುವಂತೆ ಕೊಟ್ಟಿಗೆಯ ಗೋಡೆಗೆ ನೇತುಹಾಕಿದ್ದಾಳೆ.