ಗಂಗತ್ತೆ ಹಾಕಿದ ಅಂಕಗಳು

ಇವತ್ತು ಟ್ರಂಕಿನ ಮುಚ್ಚಳ ತೆಗೆದದ್ದೇ ತಡ, ಒಣಗಿದ ವೀಳ್ಯದೆಲೆ, ಸುಣ್ಣ, ಹಳೆಯ ಅಡಿಕೆ, ಒಂದು ಚಿಟಿಕೆ ಹೊಗೆಸೊಪ್ಪು ಎಲ್ಲ ಕಲೆತ ವಾಸನೆಯೊಂದು ಮೂಗಿಗೆ ಬಡಿಯಿತು. ಗಂಗತ್ತೆಯ ಎಲೆಅಡಿಕೆ ಸಂಚಿಯ ವಾಸನೆ. ಅವಳು ಹೋಗಿ ಎಷ್ಟೋ ವರ್ಷವಾಯಿತು. ಮೇಲಿಂದ ಮೇಲೆ ತೆಗೆದರೆ ಈ ವಾಸನೆಯೂ ಹೋಗಿಬಿಟ್ಟೀತೆಂಬ ಜಿಪುಣತನದಿಂದ ನಾನು ಆ ಟ್ರಂಕಿನ ತಂಟೆಗೇ ಹೋಗಿರಲಿಲ್ಲ.

ಈಗ ತೆಗೆದದ್ದು ಸಹನಾಳಿಗಾಗಿ. ಸಹನಾ ನನ್ನ ತಮ್ಮನ ಮಗಳು. ದಾವಣಗೆರೆಯ ನಮ್ಮ ಮನೆಯಲ್ಲಿದ್ದುಕೊಂಡು ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಲೆಕ್ಕದಲ್ಲಿ ಹುಡುಗಿ ಜಾಣೆ, ಇಂಗ್ಲಿಷ್ ಭಾಗ ಬಂತೆಂದರೆ ಮುಖ ಹುಳ್ಳಗಾಗುತ್ತದೆ. ಕಂಪ್ಯೂಟರಿನಲ್ಲಿ ಕೊನೆಯ ಉತ್ತರ ಒತ್ತಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಅಂಕ ಬಂದು ಕೂರುತ್ತದೆ. ಕಡಿಮೆಯಾಗಿದ್ದರೆ ಕೆಂಪು ಬಣ್ಣದಲ್ಲಿ. ಬೆಳಿಗ್ಗೆ ಸತತ ಮೂರನೆಯ ಸಲ ಕೆಂಪು ಕಂಡು, "ಅತ್ತೆ, ನನ್ನ ಕೈಲಿ ಆಗಲ್ಲ, ಬಿಟ್ಬಿಡ್ತೀನಿ" ಎಂದು ಎದ್ದು ನಿಂತಳು. ಸಮಾಧಾನ ಮಾಡಲು ಹೋಗಿ, ನಾನು ನಲವತ್ತು ವರ್ಷದ ಹಿಂದೆ ಇದೇ ಪರೀಕ್ಷೆಗೆ ಓದಿದ ಪುಸ್ತಕ ಇನ್ನೂ ಇದೆ ಎಂದೆ. ತೋರಿಸು ಎಂದು ಹಟ ಹಿಡಿದಳು. ಪುಸ್ತಕ ಸಿಕ್ಕಿತು, ಉತ್ತರ ಬರೆದ ನೋಟ್‌ಬುಕ್ಕೂ ಸಿಕ್ಕಿತು, ಎರಡರ ಮೇಲೆ ಕಾವಲು ಕೂತಂತೆ ಸಂಚಿಯೂ ಸಿಕ್ಕಿತು.

ಗಂಗತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಚನ್ನಗಿರಿಯ ತವರಿಗೆ ಬಂದವಳು. ಮುಂದೆ ಅಪ್ಪನ ಅಡಿಕೆ ಮಂಡಿ, ಹಿಂದೆ ಮನೆ, ನಡುವೆ ಹೆಂಚಿನ ಚಪ್ಪರದ ದೊಡ್ಡ ಅಂಗಳ. ಆ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಅಡಿಕೆ ಆರಿಸುತ್ತಿದ್ದರು. ಒಳ್ಳೆಯದು ಒಂದು ಗುಡ್ಡೆ, ನಡುತರದ್ದು ಇನ್ನೊಂದು, ಒಡಕು ಹುಳುಕು ಮತ್ತೊಂದು. ಅವರಿಗೆಲ್ಲ ಗಂಗತ್ತೆಯೇ ಯಜಮಾನಿ. ಎರಡು ಅಡಿಕೆಯನ್ನು ಒಂದಕ್ಕೊಂದು ತಟ್ಟಿ, ಸದ್ದು ಕೇಳಿಯೇ ಒಳಗಿನ ಹುಳ ಹೇಳುತ್ತಿದ್ದಳು. ಹೊನ್ನಾಳಿ, ನ್ಯಾಮತಿಯ ಕಡೆಯಿಂದ ಬಂದ ವ್ಯಾಪಾರಿಗಳು ಅಪ್ಪನ ಮಾತನ್ನು ಅರ್ಧ ನಂಬುತ್ತಿದ್ದರು. ಗಂಗತ್ತೆ ಒಳಗಿನಿಂದ, "ಚೀಲ ಬಿಚ್ಚಬ್ಯಾಡ್ರಿ, ಚಲೋ ಐತೆ" ಎಂದರೆ ಬಿಚ್ಚದೆ ಹೊತ್ತುಕೊಂಡು ಹೋಗುತ್ತಿದ್ದರು.

ಅಂಗಳಕ್ಕೊಂದು ಕಟ್ಟಳೆಯಿತ್ತು. ಆರಿಸಿದವಳು ತನ್ನ ಗುಡ್ಡೆಯನ್ನು ತಾನೇ ತಪಾಸಣೆ ಮಾಡುವಂತಿಲ್ಲ. ಇನ್ನೊಬ್ಬಳು ಬಂದು ಕೈಯಾಡಿಸಬೇಕು. ಇದಕ್ಕೆ ಎರಡನೇ ಕೈ ಎನ್ನುತ್ತಿದ್ದರು. ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅತ್ತೆಯ ಸಿದ್ಧಾಂತ.

ಇನ್ನೊಂದು ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಕತ್ತಲಗೆರೆಯಿಂದ ಹಾಲವ್ವ ಎಂಬ ಹೆಂಗಸು ಹೊಸದಾಗಿ ಕೆಲಸಕ್ಕೆ ಬಂದಿದ್ದಳು. ಸಂಜೆ ಅಪ್ಪ ಬಂದು ಗುಡ್ಡೆ ನೋಡುತ್ತಾನೆ, ಸರಿಯಿಲ್ಲದಿದ್ದರೆ ಮರುದಿನ ಬರಬೇಡ ಎನ್ನುತ್ತಾನೆ ಎಂಬ ಭಯಕ್ಕೇ ಅವಳ ಬೆರಳು ನಡುಗುತ್ತಿತ್ತು. ಅಪ್ಪ ಬರುವ ಹೊತ್ತಿಗೆ ಸರಿಯಾಗಿ ಅತ್ತೆ, "ಹಾಲವ್ವಾ, ಒಂದು ಚೊಂಬು ನೀರು ತಗಂಬಾ" ಎಂದು ಅವಳನ್ನು ಎಬ್ಬಿಸಿ, ಅವಳ ಗುಡ್ಡೆಗೆ ಕೈ ಹಾಕಿ, ಹುಳುಕನ್ನೆಲ್ಲ ಸರಸರ ಹೆಕ್ಕಿ ತನ್ನ ಮಡಿಲಿಗೆ ಹಾಕಿಕೊಂಡಳು. ಅಪ್ಪ ನೋಡಿ, "ಹೊಸಬಳಾದ್ರೂ ಕೈ ಚಲೋ ಐತೆ" ಎಂದು ಹೋದ. ಹೀಗೆ ಮೂರು ನಾಲ್ಕು ವಾರ. ಆಮೇಲೆ ಅತ್ತೆ ಅವಳನ್ನು ನೀರಿಗೆ ಕಳಿಸುವುದನ್ನು ಬಿಟ್ಟಳು.

"ಇದು ಮೋಸ ಅಲ್ವೇನತ್ತೆ?" ಎಂದು ಕೇಳಿದ್ದೆ. ಕಾಮರ್ಸ್ ಪದವಿ ಮುಗಿಸಿದ ಅಹಂಕಾರ ಆಗಿನ್ನೂ ಬಿಸಿಬಿಸಿ.

"ಗುಡ್ಡೆದಾಗೆ ಒಂದು ಹುಳುಕು ಐತೇನು ತೋರ್ಸು. ಮಾಲಿಗೆ ಮೋಸ ಇಲ್ಲ. ಹೊಸ ಕೈ ಹೆದರಬಾರ್ದವ್ವಾ. ಹೆದ್ರಿದ ಕೈ ಒಳ್ಳೇದನ್ನೂ ಎಸಿತೈತೆ" ಎಂದಿದ್ದಳು.

ಎಂಬತ್ತರ ದಶಕದ ಆರಂಭದ ಮಾತಿದು. ಬಿಸಿನೆಸ್ ಮ್ಯಾನೇಜ್‌ಮೆಂಟ್ ಎಂಬ ಓದೊಂದಿದೆ, ಅದಕ್ಕೆ ಹುಡುಗಿಯರೂ ಸೇರಬಹುದು ಎಂದು ಕಾಲೇಜಿನಲ್ಲಿ ಕೇಳಿ ನನ್ನ ತಲೆಗೆ ಹುಳ ಹೊಕ್ಕಿತ್ತು. ಅಪ್ಪನಿಗೆ ಹೇಳಿದಾಗ, "ವ್ಯಾಪಾರ ಕಲಿಯಾಕೆ ಪರೀಕ್ಷೆ ಯಾಕೆ? ಮುಂದ್ಗಡೆ ಗಾದಿ ಮ್ಯಾಲೆ ಬಂದು ಕೂತ್ಕೋ" ಎಂದು ನಕ್ಕ. ನಾನು ಎರಡು ದಿನ ಊಟ ಬಿಟ್ಟೆ. (ಪೂರ್ತಿ ಬಿಡಲಿಲ್ಲ, ಅತ್ತೆ ಹಿತ್ತಲಿನಲ್ಲಿ ರೊಟ್ಟಿ ಕೊಡುತ್ತಿದ್ದಳು.) ಮೂರನೆಯ ದಿನ ಅಪ್ಪ ಕರಾರು ಹಾಕಿದ. "ಒಂದೇ ಸಲ ಬರಿ. ಕರೆ ಬಂದ್ರೆ ಹೋಗು. ಆದ್ರೆ ವಾರವಾರ ಮನೇಲಿ ಪರೀಕ್ಷೆ ಆಗ್ಬೇಕು. ಯಾವ ವಾರ ಅರ್ಧಕ್ಕಿಂತ ಕಡಿಮೆ ಬರ್ತೈತೋ ಅವತ್ತೇ ಪುಸ್ತಕ ಮುಚ್ಚು. ಜಗಳೂರಿನೋರು ಎಷ್ಟು ದಿನ ಅಂತ ಕಾಯ್ತಾರೆ?"

ಜಗಳೂರಿನವರು ನನ್ನನ್ನು ನೋಡಿಕೊಂಡು ಹೋಗಿದ್ದ ಗಂಡಿನ ಕಡೆಯವರು. ಜವಳಿ ಅಂಗಡಿ ಇತ್ತು. ಹುಡುಗ ಕೆಟ್ಟವನೇನಲ್ಲ. ಪಾಪ, ಚಹಾವನ್ನು ಬಸಿಗೆ ಸುರಿದು ಊದುವಾಗ ನನಗಿಂತ ಹೆಚ್ಚು ನಡುಗುತ್ತಿದ್ದ. ಆದರೆ ನನಗೆ ಓದಬೇಕಿತ್ತು.

ಲೆಕ್ಕಕ್ಕೆ ಹೆದರಲಿಲ್ಲ. ಹೆದರಿದ್ದು ಇಂಗ್ಲಿಷಿಗೆ. ಒಂದು ಪುಟದ ಗದ್ಯ ಕೊಟ್ಟು, ಕೆಳಗೆ ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ನಾಲ್ಕೂ ಸರಿಯೆಂಬಂತೆ ಕಾಣುತ್ತಿದ್ದವು. ಚನ್ನಗಿರಿಯಲ್ಲಿ ಕೇಳಿ ತಿಳಿಯೋಣವೆಂದರೆ ಆ ಪರೀಕ್ಷೆಯ ಹೆಸರು ಕೇಳಿದವರೇ ಇರಲಿಲ್ಲ. ಇಂಗ್ಲಿಷ್ ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಹಿತ್ತಲಿನ ಎಮ್ಮೆ ಮಾತ್ರ ತಲೆಯಾಡಿಸುತ್ತಿತ್ತು, ಅದೂ ನೊಣಕ್ಕೆ.

ಮೊದಲ ಭಾನುವಾರ ಇಪ್ಪತ್ತೈದು ಪ್ರಶ್ನೆಗೆ ಉತ್ತರ ಬರೆದು, ಪುಸ್ತಕದ ಹಿಂದಿನ ಪುಟ ತಿರುವುತ್ತಿದ್ದೆ. ಅತ್ತೆ ಬಂದು ನಿಂತಳು.

"ಏನದು?"

"ಸರಿ ಉತ್ತರದ ಪಟ್ಟಿ. ನೋಡ್ಕೊಂಡು ಅಂಕ ಹಾಕ್ಕೋಬೇಕು."

"ಯಾರು ಹಾಕ್ಕಬೇಕು?"

"ನಾನೇ."

"ನಿನ್ನ ಗುಡ್ಡೆ ನೀನೇ ನೋಡ್ಕಂಬಾರ್ದು" ಎಂದವಳೇ ಪುಸ್ತಕ ಕಿತ್ತುಕೊಂಡು, ಉತ್ತರದ ಹಾಳೆಗಳನ್ನು ಪರ್ರನೆ ಹರಿದು, ಮಡಚಿ ಸಂಚಿಗೆ ಹಾಕಿ ದಾರ ಎಳೆದಳು. ಇಂಗ್ಲಿಷಿನ ಗಾಳಿಯೂ ಸೋಕದ ಹೆಂಗಸು. ಕನ್ನಡವನ್ನೇ ಬೆರಳಿಟ್ಟು ಓದುವವಳು. ಆದರೆ ಬೇಕಿದ್ದದ್ದು ನಾಲ್ಕೇ ಅಕ್ಷರ. ಎ ಎಂದರೆ ಅವಳಿಗೆ ಏಣಿ. ಬಿ ಎಂದರೆ ಜೋಡಿಹೊಟ್ಟೆ. ಸಿ ಕುಡುಗೋಲು, ಡಿ ಮೊರ. ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ನನ್ನ ನೋಟ್‌ಬುಕ್ಕು ಹಿಡಿದು, "ಏಣಿಗೆ ಏಣಿ... ಮೊರಕ್ಕೆ ಕುಡುಗೋಲು..." ಎಂದು ಗೊಣಗುತ್ತ ಹೋಲಿಸುತ್ತಿದ್ದಳು. ಗೊಣಗುವುದು ನನಗೆ ಕೇಳಬಾರದೆಂದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಯಾವುದು ತಪ್ಪು ಎಂದು ಹೇಳುತ್ತಿರಲಿಲ್ಲ. ಕೆಲವು ಉತ್ತರಗಳ ಪಕ್ಕ ಪೆನ್ಸಿಲಿನ ಚುಕ್ಕಿ ಇಟ್ಟು, "ಇವನ್ನ ಇನ್ನೊಂದು ಕೈ ಆರ್ಸು. ಇದ್ರಾಗೆ ಸರಿ ಇರೋವೂ ಅದಾವೆ, ತಪ್ಪೂ ಅದಾವೆ" ಎನ್ನುತ್ತಿದ್ದಳು. ಪುಟದ ಕೆಳಗೆ ಕನ್ನಡದ ಅಂಕಿಯಲ್ಲಿ ಒಟ್ಟು ಮೊತ್ತ. ಅಷ್ಟೇ ನನಗೆ ಸಿಗುತ್ತಿದ್ದ ತೀರ್ಪು.

ಆ ಮೊದಲ ಭಾನುವಾರ ಅಪ್ಪ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದು, "ಎಷ್ಟು ಬಂತಕ್ಕಾ?" ಎಂದ.

"ಹದಿಮೂರು" ಎಂದಳು ಅತ್ತೆ, ಎಲೆಗೆ ಸುಣ್ಣ ಹಚ್ಚುತ್ತ, ತಲೆಯೆತ್ತದೆ.

ಇಪ್ಪತ್ತೈದರ ಅರ್ಧ ಹನ್ನೆರಡೂವರೆ. ಅಪ್ಪ ಒಂದು ಕ್ಷಣ ನಿಂತು ಲೆಕ್ಕ ಹಾಕಿ, "ಹೂಂ, ಆತು ಬಿಡು" ಎಂದು ಒಳಗೆ ಹೋದ. ಅಕ್ಕನ ಮಾತನ್ನು ತೂಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಮರುದಿನ ಸೋಮವಾರ. ಅತ್ತೆ ಅವತ್ತಿನಿಂದ ಸೋಮವಾರ ಒಪ್ಪೊತ್ತು ಊಟ ಮಾಡತೊಡಗಿದಳು. ನನ್ನ ಪರೀಕ್ಷೆಗಾಗಿ ಹರಕೆ ಇರಬೇಕೆಂದು ತಿಳಿದು ನನಗೆ ಕಣ್ಣು ತುಂಬಿತ್ತು.

ಓದಿದ್ದನ್ನು ಅಂಗಳದಲ್ಲಿ ಹೇಳಬೇಕೆಂಬುದು ಅವಳ ಇನ್ನೊಂದು ಹುಕುಂ. "ಏನು ಬರ್ದೈತೆ ಅಂತ ನಮಗೆ ತಿಳಿಯಂಗೆ ಹೇಳು. ಹೇಳಾಕೆ ಬರದಿದ್ರೆ ನಿಂಗೆ ತಿಳಿದಿಲ್ಲ." ಒಂದು ಸಲ ಸಮುದ್ರದ ನಡುವೆ ದೀಪಸ್ತಂಭ ಕಾಯುವವನ ಕತೆ ಬಂತು. ಸಮುದ್ರ ಸೂಳೆಕೆರೆಯಷ್ಟು ದೊಡ್ಡದೇ ಎಂದು ಒಬ್ಬಳು ಕೇಳಿದಳು. ಅದಕ್ಕಿಂತ ದೊಡ್ಡದು ಎಂದೆ. "ಸುಳ್ಳು ಹೇಳಬ್ಯಾಡ್ರಿ ಅಕ್ಕಾರೆ" ಎಂದು ಎಲ್ಲರೂ ನಕ್ಕರು. ನಿವೃತ್ತಿಯಾದರೂ ಅವನು ದಡಕ್ಕೆ ಬರಲು ಒಪ್ಪಲಿಲ್ಲ ಎಂದು ಕತೆ ಮುಗಿಸಿದೆ.

"ಯಾಕೆ ಒಪ್ಪಲಿಲ್ಲ?" ಎಂದಳು ಹಾಲವ್ವ.

"ಪುಸ್ತಕದಲ್ಲಿ ಬರೆದಿಲ್ಲ."

"ಬರೀಬೇಕೇನ್ರಿ? ದಡದಾಗೆ ಅವನ್ನ ಕಾಯೋರು ಯಾರೂ ಉಳಿದಿಲ್ಲ, ಅದ್ಕೇಯ."

ಅತ್ತೆ ಬಗ್ಗಿ ಅಡಿಕೆ ಹೆಕ್ಕುತ್ತಲೇ ಇದ್ದಳು. ಪುಸ್ತಕದ ನಾಲ್ಕನೆಯ ಪ್ರಶ್ನೆ ಅದೇ ಆಗಿತ್ತು, ಅದಕ್ಕೆ ನಾನು ಬೇರೇನೋ ಬರೆದು ಚುಕ್ಕಿ ಇಡಿಸಿಕೊಂಡಿದ್ದೆ. ಬರೆಯದೆ ಬಿಟ್ಟದ್ದನ್ನು ಓದುವುದು ಹೇಗೆಂದು ನನಗೆ ಕಲಿಸಿದವಳು, ಹೆಬ್ಬೆಟ್ಟು ಒತ್ತಿ ಕೂಲಿ ಪಡೆಯುತ್ತಿದ್ದ ಹಾಲವ್ವ.

ನಾಲ್ಕು ಉತ್ತರದ ಗೋಜಲನ್ನು ಬಿಡಿಸಿದವಳು ಅತ್ತೆ. "ಒಳ್ಳೇದನ್ನ ಹುಡುಕ್ಕಂಡು ಕೂರ್ತೀಯಲ್ಲ, ಅದ್ಕೇ ತಡ ಆಗ್ತೈತೆ. ಮೊದ್ಲು ಹುಳುಕು ತೆಗೆದು ಎಸಿ. ಎರಡು ಉಳಿತಾವೆ. ಅವೆರಡನ್ನೂ ತಟ್ಟಿ ನೋಡು." ನಾನು ಆಮೇಲೆ ದೊಡ್ಡ ಶಾಲೆಗೆ ಹೋಗಿ, ದೊಡ್ಡ ಸಂಬಳದ ಮೇಷ್ಟ್ರುಗಳಿಂದ ಕಲಿತದ್ದೂ ಹೆಚ್ಚುಕಡಿಮೆ ಇಷ್ಟನ್ನೇ.

ಹನ್ನೆರಡು ಭಾನುವಾರ ಕಳೆದವು. ಹದಿಮೂರರಿಂದ ಹತ್ತೊಂಬತ್ತಕ್ಕೆ ಬಂದೆ. ಇಷ್ಟು ಓದಿ ಬರೀ ಆರು ಅಂಕ ಹೆಚ್ಚಿತೇ ಎಂದು ನನಗೆ ಬೇಸರವೇ ಇತ್ತು. ಕೊನೆಯ ಮೂರು ವಾರ ಅತ್ತೆ ಸೋಮವಾರದ ಒಪ್ಪೊತ್ತು ಬಿಟ್ಟುಬಿಟ್ಟಳು. "ಪರೀಕ್ಷೆ ಹತ್ತಿರ ಬಂದಾಗಲೇ ಬಿಟ್ಟೆಯಲ್ಲ, ದೇವರು ಮುನಿದಾನು" ಎಂದು ಛೇಡಿಸಿದೆ. "ಇನ್ನು ಬೇಕಾಗಿಲ್ಲ ಬಿಡವ್ವಾ" ಎಂದು ಎರಡನೆಯ ಸಲ ಮುದ್ದೆ ಹಾಕಿಕೊಂಡಳು.

ಅಪ್ಪನ ಜೊತೆ ಹೋಗಿ ಪರೀಕ್ಷೆ ಬರೆದು ಬಂದೆ. ಎರಡು ತಿಂಗಳಿಗೆ ಕರೆ ಬಂತು. ಅತ್ತೆ ಆ ಕಾಗದವನ್ನು ತಿರುವಿ ಮುರುವಿ ನೋಡಿ, "ಏಣಿ ಎಷ್ಟು ಅದಾವೆ ನೋಡ್ರೇ" ಎಂದು ಹೆಂಗಸರಿಗೆಲ್ಲ ತೋರಿಸಿದಳು. ಜಗಳೂರಿನವರಿಗೆ ಅಪ್ಪನೇ ಹೋಗಿ ಹೇಳಿ ಬಂದ. ರಾತ್ರಿ ಊಟಕ್ಕೆ ಕೂತಾಗ ನಗುತ್ತ, "ಮೊದಲ್ನೇ ವಾರ ನಿಮ್ಮತ್ತೆ ಹದಿಮೂರು ಅಂದಿದ್ಕೆ ಬಚಾವಾದೆ. ಹನ್ನೆರಡು ಅಂದಿದ್ರೆ ಇಷ್ಟೊತ್ತಿಗೆ ಜಗಳೂರಿನಾಗೆ ಇರ್ತಿದ್ದೆ" ಎಂದ. ಎಲ್ಲರೂ ನಕ್ಕೆವು. ಅತ್ತೆ ನಕ್ಕಳೋ ಇಲ್ಲವೋ ನನಗೆ ನೆನಪಿಲ್ಲ.

ಆ ಕರೆಯಿಂದ ನನ್ನ ಬದುಕೇ ಬೇರೆಯಾಯಿತು. ಓದು, ಊರೂರು ಸುತ್ತಿಸಿದ ಕೆಲಸ, ಕೊನೆಗೆ ದಾವಣಗೆರೆಯ ಈ ಮನೆ.

ಸಹನಾ ಹಳೆಯ ಪುಸ್ತಕದ ಮೊದಲ ಪರೀಕ್ಷೆಯನ್ನು ತಾನೂ ಬರೆಯುತ್ತೇನೆಂದು ಹಾಳೆ ಪೆನ್ನು ಹಿಡಿದು ಕೂತಳು. ಅವಳು ಬರೆಯುವಷ್ಟು ಹೊತ್ತು ಮಾಡುವುದೇನು? ಸಂಚಿಯ ದಾರ ಸಡಿಲಿಸಿದೆ. ಉತ್ತರದ ಹಾಳೆಗಳು ಅಡಿಕೆಯ ಕೆಂಪು ಹಿಡಿದು ಹಾಗೆಯೇ ಇದ್ದವು. ತಮಾಷೆಗೆಂದು ನನ್ನ ಮೊದಲ ವಾರದ ಉತ್ತರಗಳಿಗೆ ಹೋಲಿಸಿದೆ. ಏಣಿಗೆ ಏಣಿ. ಮೊರಕ್ಕೆ ಕುಡುಗೋಲು.

ಸರಿಯಾಗಿದ್ದದ್ದು ಏಳು. ಎರಡು ಸಲ ಎಣಿಸಿದೆ, ಏಳೇ. ಕೆಳಗೆ ಅತ್ತೆಯ ಕೈಬರಹದಲ್ಲಿ ದುಂಡಗೆ ೧೩.

ಎರಡನೆಯ ವಾರ ಒಂಬತ್ತಕ್ಕೆ ಹದಿನಾಲ್ಕು. ಆಮೇಲೆ ಹೆಚ್ಚುವರಿ ನಾಲ್ಕಾಯಿತು, ಮೂರಾಯಿತು, ಒಂದಾಯಿತು. ಕೊನೆಯ ಮೂರು ವಾರ ಏನೂ ಸೇರಿಸಿರಲಿಲ್ಲ. ಹದಿನೆಂಟೆಂದರೆ ಹದಿನೆಂಟೇ, ಹತ್ತೊಂಬತ್ತೆಂದರೆ ಹತ್ತೊಂಬತ್ತೇ. ಚುಕ್ಕಿಗಳನ್ನೂ ನೋಡಿದೆ. ಒಂದೇ ಒಂದು ತಪ್ಪು ಉತ್ತರಕ್ಕೂ ಚುಕ್ಕಿ ತಪ್ಪಿರಲಿಲ್ಲ. ನಾನು ಎಣಿಸಿ ಹಿಡಿಯದಿರಲೆಂದು ನಡುನಡುವೆ ಸರಿಯಿದ್ದ ಒಂದೆರಡಕ್ಕೂ ಇಟ್ಟಿದ್ದಳು. ಮಾಲಿಗೆ ಮೋಸ ಮಾಡಿರಲಿಲ್ಲ.

ಒಂದು ಹುಳುಕನ್ನು ಒಳ್ಳೆಯದೆಂದು ಯಾರಿಗೂ ದಾಟಿಸದ ಹೆಂಗಸು, ನನಗೋಸ್ಕರ ತಮ್ಮನ ಎದುರು ಸುಳ್ಳು ಹೇಳಿದಳು. ಹೇಳಿದ ವಾರವೆಲ್ಲ ಸೋಮವಾರ ಅರೆಹೊಟ್ಟೆ ಮಲಗಿದಳು. ಸುಳ್ಳು ಬೇಡವಾದ ವಾರ ಹೊಟ್ಟೆತುಂಬ ಉಂಡಳು. ನಾನು ಇಷ್ಟು ವರ್ಷ ಆರು ಅಂಕ ಹತ್ತಿದೆನೆಂದು ತಿಳಿದಿದ್ದೆ, ಹತ್ತಿದ್ದು ಹನ್ನೆರಡು. ಅವಳು ಹೇಳಲೇ ಇಲ್ಲ, ನಾನು ಕೇಳಲೂ ಇಲ್ಲ. ನೋಟ್‌ಬುಕ್ಕನ್ನು ಎದೆಗವಚಿಕೊಂಡು ಅಳತೊಡಗಿದೆ. ನಾಚಿಕೆಯೇನಿಲ್ಲ, ಗಟ್ಟಿಯಾಗಿಯೇ ಅತ್ತುಬಿಟ್ಟೆ.

"ಅತ್ತೆ, ಏನಾಯ್ತು?" ಸಹನಾ ಹಾಳೆ ಹಿಡಿದು ಎದುರಿಗೆ ನಿಂತಿದ್ದಳು. ಹೊಗೆಸೊಪ್ಪಿನ ಘಾಟು ಎಂದೆ. ಹಾಳೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹತ್ತು ಸರಿಯಿದ್ದವು. ತಪ್ಪಿದ ಹದಿನೈದಕ್ಕೂ ಚುಕ್ಕಿ ಇಟ್ಟೆ, ಸರಿಯಿದ್ದ ಎರಡಕ್ಕೂ ಇಟ್ಟೆ. ಹೊರಗೆ ಬಂದೆ.

"ಎಷ್ಟು ಬಂತತ್ತೆ?"

ಕಂಪ್ಯೂಟರಿನ ಕೆಂಪು ಕಂಡು ಕಂಡು ಬಾಡಿದ ಮುಖ. ಇವತ್ತು ಕಡಿಮೆಯೆಂದರೆ ನಾಳೆ ಪುಸ್ತಕ ಮುಚ್ಚುತ್ತಾಳೆ, ನನಗೆ ಗೊತ್ತು.

"ಹದಿಮೂರು" ಎಂದೆ.

"ಹೌದಾ?" ಕಣ್ಣು ಅರಳಿತು. "ಎಲ್ಲಿ, ಉತ್ತರದ ಪಟ್ಟಿ ಕೊಡು, ನಾನೇ ನೋಡ್ತೀನಿ."

"ನಿನ್ನ ಗುಡ್ಡೆ ನೀನೇ ನೋಡ್ಕಂಬಾರ್ದು" ಎಂದು ಹಾಳೆಗಳನ್ನು ಮಡಚಿ ಸಂಚಿಗೆ ಹಾಕಿ ದಾರ ಎಳೆದೆ. ನಾಳೆ ಸೋಮವಾರ, ರಾತ್ರಿ ನನಗೆ ಊಟ ಬೇಡವೆಂದು ಅಡುಗೆಯವಳಿಗೆ ಹೇಳಬೇಕು.